ಅಕ್ಕನ ಮೂಡ್ ಕೆಟ್ಟರೆ ನನ್ನ ದಿನವೇ ಹಾಳು. ಮೈಂಡ್‌ಫುಲ್‌ನೆಸ್ ಮಾಡಿದರೆ ಬೌಂಡರಿ ಹಾಕಿಕೊಳ್ಳೋದು ಬರುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಅಕ್ಕನ ಮುಖ ಬಾಡಿದ್ದರೆ ನಿಮಗೆ ಊಟ ಸೇರುವುದಿಲ್ಲ. ದುಡ್ಡಿರಲಿ, ಸಮಯವಿರಲಿ, ಅವರು ಏನು ಕೇಳಿದರೂ ಹೂಂ ಅಂದುಬಿಡುತ್ತೀರಿ. ಆಮೇಲೆ ಒಳಗೊಳಗೇ ಸಿಟ್ಟು. ಅಕ್ಕನ ಮೇಲೆ ಸಿಟ್ಟು ಬಂತಲ್ಲ ಅಂತ ಮತ್ತೆ ಸಂಕಟ. ಯಾರೋ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ನಡೆಯುತ್ತಿರುವುದನ್ನು ಇದ್ದ ಹಾಗೆ ಗಮನಿಸುವ ಅಭ್ಯಾಸ, ಮಾಡು ಅಂದರಂತೆ. ಕಣ್ಣು ಮುಚ್ಚಿ ಕೂತರೆ 'ಆಗಲ್ಲ' ಅನ್ನೋಕೆ ಧೈರ್ಯ ಬರುತ್ತಾ ಅಂತ ಕೇಳಿದ್ದೀರಿ.

ಬರುತ್ತದೆ. ಆದರೆ ಧೈರ್ಯಕ್ಕಿಂತ ಮೊದಲು ಬರುವುದು ಗಮನ. ಹೂಂ ಅನ್ನುವುದಕ್ಕೆ ಸ್ವಲ್ಪ ಮುಂಚೆ ನಿಮ್ಮ ಮೈಯಲ್ಲಿ ಏನಾಗುತ್ತದೆ ಅನ್ನುವುದು ಕಾಣಲು ಶುರುವಾಗುತ್ತದೆ. ಬೌಂಡರಿ, ಅಂದರೆ ಎಲ್ಲಿಯವರೆಗೆ ಆಗುತ್ತದೆ, ಎಲ್ಲಿಂದ ಆಗಲ್ಲ ಅಂತ ನಾವೇ ಹಾಕಿಕೊಳ್ಳುವ ಗೆರೆ, ಹುಟ್ಟುವುದು ಆ ಜಾಗದಲ್ಲಿ. ಏನು ಮಾತಾಡಬೇಕು ಅನ್ನುವ ಪ್ರಶ್ನೆ ಆಮೇಲಿನದು.

ನಾನು ಇದನ್ನು ಕಲಿತದ್ದು ನನ್ನ ಅಣ್ಣನಿಂದಾಗಿ. ಅವನಿಗೆ ಕುಡಿತದ ಚಟವಿತ್ತು. ಅವನ ಪರವಾಗಿ ಆಫೀಸಿಗೆ ಫೋನ್ ಮಾಡಿ ಹುಷಾರಿಲ್ಲ ಅನ್ನುವುದು, ಅವನ ಸಾಲ ತೀರಿಸುವುದು, ಅವನು ಬಾಗಿಲು ತೆಗೆಯುವ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾನೆ ಅಂತ ಅಂದಾಜು ಮಾಡುವುದು, ಎಲ್ಲ ನನ್ನ ಪಾಲಿಗೆ ಬಂದಿತ್ತು. ಅವನ ಮುಖ ನೋಡಿಯೇ ಅವನಿಗೇನು ಬೇಕು ಅಂತ ಹೇಳುತ್ತಿದ್ದೆ. 'ನಿನಗೇನು ಬೇಕು?' ಅಂತ ಯಾರಾದರೂ ಕೇಳಿದರೆ ಮಾತ್ರ ಉತ್ತರ ಹೊಳೆಯುತ್ತಿರಲಿಲ್ಲ.

ಹೀಗೆ ತನ್ನನ್ನು ಮರೆತು ಇನ್ನೊಬ್ಬರ ಸುತ್ತಲೇ ಬದುಕುವುದಕ್ಕೆ ಕೋಡಿಪೆಂಡೆನ್ಸಿ ಅನ್ನುತ್ತಾರೆ. ಆ ಮಾತು ಬಂದಿದ್ದೇ ಇಂಥ ಮನೆಗಳಿಂದ. ಕುಡಿಯುವವರು ಬಾಟಲಿಯನ್ನೇ ಸುತ್ತುತ್ತಾರೆ, ಮನೆಯವರು ಕುಡಿಯುವವರನ್ನೇ ಸುತ್ತುತ್ತಾರೆ. ಕುಡಿತ ಬಿಡಿಸುವ ಕೆಲಸದಲ್ಲಿದ್ದವರಿಗೆ ಇದು ಕಾಣತೊಡಗಿತು. ಅಮೆರಿಕದಲ್ಲಿ 1951ರಲ್ಲಿ ಶುರುವಾದ ಅಲ್-ಅನಾನ್ ಗುಂಪು ಕುಡಿಯುವವರ ಮನೆಯವರಿಗಾಗಿಯೇ ಇರುವಂಥದ್ದು. 1986ರಲ್ಲಿ ಕೋಡಿಪೆಂಡೆಂಟ್ಸ್ ಅನಾನಿಮಸ್ ಅನ್ನುವ ಇಂಥದ್ದೇ ಇನ್ನೊಂದು ಗುಂಪು ಹುಟ್ಟುವ ಹೊತ್ತಿಗೆ ಈ ಮಾತು ಕುಡಿತವನ್ನು ದಾಟಿ ಬೇರೆ ಸಂಬಂಧಗಳಿಗೂ ಹರಡಿತ್ತು. ಆದರೆ ಇದು ಡಾಕ್ಟರು ಬರೆದುಕೊಡುವ ಕಾಯಿಲೆಯ ಹೆಸರಲ್ಲ. ಮನೋವೈದ್ಯರು ಬಳಸುವ ಡಿಎಸ್ಎಂ ಪಟ್ಟಿಯಲ್ಲಿ ಇದು ಇಲ್ಲ. ಹಾಗಾಗಿ ದಯವಿಟ್ಟು ಹಣೆಪಟ್ಟಿ ಕಟ್ಟಿಕೊಳ್ಳಬೇಡಿ. ಮನೆಯಲ್ಲಿ ಯಾರದೋ ಸಿಟ್ಟಿಗೆ ಹೆದರಿ ಬೆಳೆದ ಮಗು ದೊಡ್ಡವರ ಮುಖ ಓದುವುದನ್ನು ಬೇಗ ಕಲಿಯುತ್ತದೆ. ಆ ಮಗುವಿಗೆ ಅದು ಬೇಕಾಗಿತ್ತು. ಕಲಿತದ್ದನ್ನು ಈಗ ನಿಧಾನವಾಗಿ ಸಡಿಲಿಸಬಹುದು.

ಇನ್ನೊಂದು ಮಾತು. ಅಕ್ಕನಿಗೆ ಸಹಾಯ ಮಾಡುವುದೇ ರೋಗ ಅಂತ ಹೇಳುವವರನ್ನು ನಂಬಬೇಡಿ. ಒಬ್ಬರಿಗೊಬ್ಬರು ಆಗುವುದು ಆರೋಗ್ಯವಂತ ಮನುಷ್ಯರ ಲಕ್ಷಣ. ನಾನು ನನ್ನನ್ನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸಲ 'ಆಗಲ್ಲ' ಅನ್ನೋಕೆ ನನ್ನಿಂದ ಆಗುತ್ತಿತ್ತಾ? ಆಗುತ್ತಿದ್ದು, ಆದರೂ ಮನಸಾರೆ ಹೂಂ ಅಂದಿದ್ದರೆ ಅದು ಪ್ರೀತಿ. ಬಾಯಿಗೆ ಆ ಮಾತು ಬರುವ ದಾರಿಯೇ ಇರಲಿಲ್ಲ ಅಂದರೆ ಅದು ಭಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈಗ ಆ ಹೂಂ ಅನ್ನುವ ಗಳಿಗೆಗೆ ಬರೋಣ. ಅಕ್ಕ ಏನೋ ಕೇಳುತ್ತಾರೆ. ನಿಮಗೆ ಕಷ್ಟ. ಆ ಒಂದೆರಡು ಸೆಕೆಂಡಿನಲ್ಲಿ ಎಷ್ಟೋ ನಡೆದುಹೋಗುತ್ತದೆ. ಹೊಟ್ಟೆ ಬಿಗಿಯಾಗುತ್ತದೆ. ಉಸಿರು ಎದೆಯಲ್ಲೇ ನಿಲ್ಲುತ್ತದೆ. ನನಗಾದರೆ ಗಂಟಲು ಕಟ್ಟಿಕೊಳ್ಳುತ್ತಿತ್ತು, ಅದೇ ಹೊತ್ತಿಗೆ ಮುಖದ ಮೇಲೆ ತಾನಾಗಿಯೇ ಒಂದು ನಗು ಬಂದು ಕೂರುತ್ತಿತ್ತು. ಎದುರಿಗಿರುವವರ ಅಸಮಾಧಾನವನ್ನು ಮೈ ಅಪಾಯ ಅಂತಲೇ ತಿಳಿಯುತ್ತದೆ. ಅಪಾಯ ಬಂದಾಗ ಎದುರಿಸುವುದು, ಓಡುವುದು, ಮರಗಟ್ಟುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಸಾಲಿಗೆ ಓಲೈಸುವುದನ್ನೂ ಸೇರಿಸಬೇಕು ಅನ್ನುತ್ತಾರೆ ಥೆರಪಿಸ್ಟ್ ಪೀಟ್ ವಾಕರ್. ನನಗೆ ಅದು ಪೂರ್ತಿ ಸರಿ ಅನಿಸುತ್ತದೆ. ಬಾಯಿ ಹೂಂ ಅಂದುಬಿಟ್ಟರೆ ಹೊಟ್ಟೆಯ ಬಿಗಿ ತಟ್ಟನೆ ಇಳಿಯುತ್ತದೆ. ಆ ಸಮಾಧಾನ ಎಷ್ಟು ಹಿತವಾಗಿರುತ್ತದೆ ಅಂದರೆ, ಮುಂದಿನ ಸಲ ಹೂಂ ಇನ್ನೂ ಬೇಗ ಬರುತ್ತದೆ. ಅಭ್ಯಾಸ ಗಟ್ಟಿಯಾಗುವುದು ಹೀಗೆ.

ಈ ಗಳಿಗೆಯಲ್ಲಿ ಎಚ್ಚರವಾಗಿರಬೇಕಾದರೆ, ಏನೂ ನಡೆಯದ ಹೊತ್ತಿನಲ್ಲಿ ಅಭ್ಯಾಸ ಮಾಡಿರಬೇಕು. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಮೈಂಡ್‌ಫುಲ್‌ನೆಸ್ ಕಲಿಸುವ ಕಾರ್ಯಕ್ರಮವೊಂದನ್ನು ಶುರು ಮಾಡಿದರು. ಔಷಧಿಯಿಂದ ಪೂರ್ತಿ ಕಡಿಮೆಯಾಗದ ನೋವಿರುವವರು ಅಲ್ಲಿಗೆ ಬರುತ್ತಿದ್ದರು. ನೋವನ್ನು ತಳ್ಳದೆ, ಅದಕ್ಕೆ ಕಥೆ ಕಟ್ಟದೆ, ಇದ್ದ ಹಾಗೆ ನೋಡುವುದನ್ನು ಅವರಿಗೆ ಕಲಿಸುತ್ತಿದ್ದರು. ನಮಗೆ ಬೇಕಾಗಿರುವುದೂ ಅದೇ. ಯಾರೋ ನಮ್ಮ ಮೇಲೆ ಬೇಜಾರಾದಾಗ ಹುಟ್ಟುವ ಸಂಕಟವನ್ನು ಕೂಡಲೇ ಸರಿಮಾಡಲು ಓಡದೆ, ಅದರ ಜೊತೆ ಸ್ವಲ್ಪ ಹೊತ್ತು ಇರಲು ಬರಬೇಕು.

ಆ ಕಾರ್ಯಕ್ರಮದಲ್ಲಿ ಬಾಡಿ ಸ್ಕ್ಯಾನ್ ಅಂತ ಒಂದು ಅಭ್ಯಾಸವಿದೆ. ನಿಮಗೆ ನಾನು ಹೇಳುವುದು ಅದನ್ನೇ. ಮಲಗಿಕೊಂಡು ಕಾಲ್ಬೆರಳಿನಿಂದ ತಲೆಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗುವುದು. ಬಿಸಿ ಇದೆಯಾ, ಬಿಗಿ ಇದೆಯಾ, ಜುಮ್ಮೆನ್ನುತ್ತಿದೆಯಾ ಅಂತ ನೋಡುವುದು, ಅಷ್ಟೇ. ಏನನ್ನೂ ಬದಲಾಯಿಸಬೇಕಿಲ್ಲ. ಮೊದಮೊದಲು ಎಷ್ಟೋ ಕಡೆ ಏನೂ ಗೊತ್ತಾಗುವುದಿಲ್ಲ. ಗಾಬರಿ ಬೇಡ. ಇಷ್ಟು ವರ್ಷ ಗಮನವೆಲ್ಲ ಬೇರೆಯವರ ಮುಖದ ಮೇಲಿತ್ತು, ಅಲ್ವಾ? ಅದು ಮನೆಗೆ ವಾಪಸ್ ಬರಲು ಸಮಯ ಬೇಕು. ದಿನಾ ಹತ್ತು ನಿಮಿಷ ಮಾಡಿದರೂ ಸಾಕು. ಅಪರೂಪಕ್ಕೊಮ್ಮೆ ಗಂಟೆಗಟ್ಟಲೆ ಕೂರುವುದಕ್ಕಿಂತ ಅದು ಒಳ್ಳೆಯದು.

ಆಮೇಲೆ ಅದನ್ನು ದಿನದೊಳಗೆ ತನ್ನಿ. ಅಕ್ಕನ ಫೋನ್ ಬಂತು ಅನ್ನಿ. ಎತ್ತುವ ಮೊದಲು ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಒಂದು ಉಸಿರನ್ನು ಪೂರ್ತಿ ಹೊರಗೆ ಬಿಡಿ. ಮಾತಿನ ಮಧ್ಯೆ ಹೊಟ್ಟೆ ಬಿಗಿಯಾದರೆ ಮನಸ್ಸಿನಲ್ಲೇ 'ಭಯ' ಅಂತ ಹೆಸರಿಡಿ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಜೊತೆಗಾರರು 2007ರಲ್ಲಿ ಪ್ರಕಟಿಸಿದ ಮಿದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಫೋಟೋದಲ್ಲಿನ ಮುಖದ ಭಾವನೆಗೆ ಹೆಸರು ಹೇಳಿಸಿದಾಗ ಭಯಕ್ಕೆ ಪ್ರತಿಕ್ರಿಯಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತ್ತು. ಹೆಸರಿಟ್ಟ ಮೇಲೆ ಇನ್ನೊಂದು ಪ್ರಶ್ನೆ: ಈ ಬೇಜಾರು ಯಾರದು, ನನ್ನದಾ ಅಕ್ಕನದಾ? ಬಹಳ ಸಲ ಉತ್ತರ 'ಅಕ್ಕನದು' ಅಂತ ಬರುತ್ತದೆ. ಆದರೂ ಅದರ ಭಾರ ನಿಮ್ಮ ಹೊಟ್ಟೆಯಲ್ಲಿರುತ್ತದೆ.

ಈಗ ಬೇಕಾಗುವ ಮಾತು ತುಂಬಾ ಚಿಕ್ಕದು. "ಯೋಚಿಸಿ ಹೇಳ್ತೀನಿ ಅಕ್ಕಾ, ಸಂಜೆ ಫೋನ್ ಮಾಡ್ತೀನಿ." ಇದು ಇಲ್ಲ ಅಂದ ಹಾಗೂ ಅಲ್ಲ, ಹೂಂ ಅಂದ ಹಾಗೂ ಅಲ್ಲ. ಸಂಜೆ ತಪ್ಪದೆ ಫೋನ್ ಮಾಡಿ. ತಪ್ಪಿಸಿಕೊಂಡರೆ ಅದು ಓಡಿಹೋಗುವುದಾಗುತ್ತದೆ, ಅಕ್ಕನಿಗೂ ನಂಬಿಕೆ ಹೋಗುತ್ತದೆ.

ನಿಜವಾದ ಕಷ್ಟ 'ಆಗಲ್ಲ' ಅಂದ ಮೇಲೆ ಶುರು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಅದಕ್ಕೇ ನಿಮಗೆ ಬಿಡಿಸಿ ಹೇಳುತ್ತಿದ್ದೇನೆ. ಗಿಲ್ಟ್ ಬರುತ್ತದೆ, ಜೋರಾಗಿಯೇ ಬರುತ್ತದೆ. 'ನಾನು ಸ್ವಾರ್ಥಿ', 'ಪಾಪ ಅವಳಿಗೆ ಬೇರೆ ಯಾರಿದ್ದಾರೆ', 'ಈಗಲೇ ಫೋನ್ ಮಾಡಿ ಆಯ್ತು ಅಂದುಬಿಡೋಣ' ಅಂತ ಮನಸ್ಸು ಒಂದೇ ಸಮನೆ ಹೇಳುತ್ತದೆ. ಗಿಲ್ಟ್ ಬಂತು ಅಂದರೆ ತಪ್ಪು ಮಾಡಿದ್ದೇನೆ ಅಂತ ನಾವು ತಿಳಿಯುತ್ತೇವೆ. ಹಳೆಯ ಅಭ್ಯಾಸ ಮುರಿದಾಗಲೂ ಅದೇ ಭಾವನೆ ಬರುತ್ತದೆ. ಯಾವುದು ಅಂತ ಪರೀಕ್ಷೆ ಮಾಡಲು, ಯಾರಿಗೆ ಏನು ಅನ್ಯಾಯ ಮಾಡಿದೆ ಅಂತ ಒಂದು ವಾಕ್ಯದಲ್ಲಿ ಬರೆದು ನೋಡಿ. 'ಅಕ್ಕ ಕೇಳಿದ್ದನ್ನು ಕೊಡಲಿಲ್ಲ' ಅನ್ನುವುದಷ್ಟೇ ಉಳಿದರೆ ಅಲ್ಲಿ ತಿದ್ದುವ ತಪ್ಪಿಲ್ಲ.

ಚಟ ಬಿಡುವವರಿಗಾಗಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಒಂದು ವಿಧಾನ ಕಲಿಸಿದರು. ಕುಡಿಯಬೇಕು, ಸೇದಬೇಕು ಅನ್ನುವ ತುಡಿತ ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಅದರ ಜೊತೆ ಜಗಳವಾಡದೆ, ಅದು ಹೇಳಿದಂತೆ ಮಾಡದೆ, ಮೈಯಲ್ಲಿ ಎಲ್ಲಿದೆ ಅಂತ ನೋಡುತ್ತಾ ಇಳಿಯುವ ತನಕ ಇರುವುದು. ವಾಪಸ್ ಫೋನ್ ಮಾಡಿ ಎಲ್ಲ ಸರಿಮಾಡಬೇಕು ಅನ್ನುವ ತುಡಿತಕ್ಕೂ ಇದು ಹಾಗೇ ಕೆಲಸ ಮಾಡುತ್ತದೆ. ಅಣ್ಣನಿಗೆ ಮೊದಲ ಸಲ ದುಡ್ಡಿಲ್ಲ ಅಂದ ರಾತ್ರಿ ನಾನು ಮಾಡಿದ್ದು ಇಷ್ಟೇ. ಫೋನನ್ನು ಇನ್ನೊಂದು ರೂಮಿನಲ್ಲಿಟ್ಟೆ. ಎದೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಸಂಕಟ ಏರಿತು, ಇಳಿಯಿತು, ಮತ್ತೆ ಏರಿತು. ಪ್ರತಿ ಸಲವೂ ಇಳಿಯಿತು. ಅದು ಇಳಿಯುತ್ತದೆ ಅಂತ ಮೈಗೆ ಗೊತ್ತಾಗುವುದೇ ದೊಡ್ಡ ಬದಲಾವಣೆ.

ಎದುರಿನವರು ಮೊದಲು ಇನ್ನೂ ಜೋರು ಮಾಡುತ್ತಾರೆ, ಇದಕ್ಕೆ ತಯಾರಿರಿ. ಯಾವಾಗಲೂ ಫಲ ಕೊಡುತ್ತಿದ್ದ ನಡವಳಿಕೆಗೆ ಒಮ್ಮೆಲೇ ಫಲ ನಿಂತಾಗ, ಅದು ಕಡಿಮೆಯಾಗುವ ಮೊದಲು ಸ್ವಲ್ಪ ಕಾಲ ಹೆಚ್ಚಾಗಬಹುದು. ನಡವಳಿಕೆಯನ್ನು ಅಧ್ಯಯನ ಮಾಡುವವರಿಗೆ ಇದು ಹಳೆಯ ವಿಷಯ. ಅಳು, ಮುನಿಸು, 'ನೀನು ಬದಲಾಗಿಬಿಟ್ಟೆ' ಅನ್ನುವ ಮಾತು, ಎಲ್ಲ ಬರಬಹುದು. ಅವರು ಕೆಟ್ಟವರು ಅಂತ ಇದರ ಅರ್ಥವಲ್ಲ. ಆದರೆ ಹತ್ತನೇ ಸಲ ಕೇಳಿದಾಗ ನೀವು ಸೋತರೆ, ಹತ್ತು ಸಲ ಕೇಳಬೇಕು ಅನ್ನುವುದನ್ನು ಅವರು ಕಲಿಯುತ್ತಾರೆ. ಅದಕ್ಕೇ ನಡೆಸಿಕೊಡಲು ಆಗುವಷ್ಟು ಚಿಕ್ಕ ಬೌಂಡರಿಯನ್ನೇ ಹಾಕಿ.

ಬೌಂಡರಿಯಲ್ಲಿ ಇರಬೇಕಾದದ್ದು ನೀವೇನು ಮಾಡುತ್ತೀರಿ ಅನ್ನುವುದು. 'ನೀನು ಕುಡಿಯಬಾರದು' ಅಂತ ಅಣ್ಣನಿಗೆ ಹೇಳುವುದು ನನ್ನ ಕೈಯಲ್ಲಿಲ್ಲದ ವಿಷಯ. 'ನೀನು ಕುಡಿದು ಬಂದ ದಿನ ನಾನು ಮಾತಿಗೆ ಕೂರಲ್ಲ, ನನ್ನ ರೂಮಿಗೆ ಹೋಗ್ತೀನಿ' ಅನ್ನುವುದು ನನ್ನ ಕೈಯಲ್ಲಿದೆ. ಇದರಿಂದ ಅವನು ಕುಡಿಯುವುದನ್ನು ಬಿಟ್ಟನಾ ಅಂತ ಜನ ಕೇಳುತ್ತಾರೆ. ಇಲ್ಲ. ಆಮೇಲೆ ಅವನು ಚಿಕಿತ್ಸೆಗೆ ಹೋದ, ತನ್ನದೇ ಕಾರಣಗಳಿಗೆ. ಅದು ನನ್ನ ಬೌಂಡರಿಯ ಫಲ ಅಂತ ನಾನು ಹೇಳಿಕೊಳ್ಳುವುದಿಲ್ಲ. ಅವನ ಕುಡಿತಕ್ಕೆ ನಾನು ಕಾರಣಳಲ್ಲ, ಅದನ್ನು ಹತೋಟಿಯಲ್ಲಿಡಲಾರೆ, ಅದನ್ನು ವಾಸಿ ಮಾಡಲಾರೆ ಅಂತ ಅಲ್-ಅನಾನ್‌ನಲ್ಲಿ ಹೇಳುತ್ತಾರೆ. ಈ ಮೂರು ಮಾತು ನನಗೆ ಎಷ್ಟೋ ರಾತ್ರಿ ನಿದ್ದೆ ಕೊಟ್ಟಿವೆ.

ಒಂದು ಅಪಾಯದ ಬಗ್ಗೆ ಹೇಳಲೇಬೇಕು. ನಮ್ಮಂಥವರು ಮೈಂಡ್‌ಫುಲ್‌ನೆಸ್ಸನ್ನೂ ಇನ್ನಷ್ಟು ಸಹಿಸಿಕೊಳ್ಳುವುದಕ್ಕೇ ಬಳಸಿಬಿಡುತ್ತೇವೆ. ಬೈಸಿಕೊಂಡು ಬಂದು ಉಸಿರು ನೋಡುವುದು, ಶಾಂತವಾಗುವುದು, ಮತ್ತೆ ಬೈಸಿಕೊಳ್ಳಲು ಹೋಗುವುದು. ಹಾಗೆ ಮಾಡಬೇಡಿ. ಸಿಟ್ಟು ಬಂದರೆ ಅದನ್ನೂ ನೋಡಿ, ಅದು ಏನೋ ಹೇಳುತ್ತಿರುತ್ತದೆ. ನಿಮ್ಮ ಒಳಗೊಳಗಿನ ಸಿಟ್ಟೇ ನೋಡಿ, ಗೆರೆ ಎಲ್ಲಿ ದಾಟಿತು ಅಂತ ನಿಮಗಿಂತ ಮೊದಲು ಅದಕ್ಕೆ ಗೊತ್ತಾಗಿದೆ. 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ, ಒಳ್ಳೆಯ ಗುಣಗಳಿಗೆ ಹತ್ತಿರದ ಶತ್ರುಗಳೂ ಇರುತ್ತವೆ ಅಂತ ಬರೆದಿದ್ದಾರೆ. ನೋಡಲು ಆ ಗುಣದ ಥರವೇ ಇರುತ್ತವೆ, ಅದಕ್ಕೇ ಮೋಸ ಹೋಗುತ್ತೇವೆ. ಕರುಣೆಯ ಹತ್ತಿರದ ಶತ್ರು ದುಃಖ. ಸಮಚಿತ್ತದ ಹತ್ತಿರದ ಶತ್ರು ಅಸಡ್ಡೆ. ಅಕ್ಕನ ಬೇಜಾರಿನಲ್ಲಿ ನೀವೂ ಮುಳುಗಿದರೆ ಅದು ಕರುಣೆಯ ಥರ ಕಾಣುತ್ತದೆ, ಆದರೆ ಇಬ್ಬರಿಗೂ ಉಪಯೋಗವಿಲ್ಲ. ಹಾಗಂತ ಬೌಂಡರಿಯ ಹೆಸರಿನಲ್ಲಿ ಮನಸ್ಸನ್ನೇ ಕಲ್ಲು ಮಾಡಿಕೊಂಡರೆ ಇನ್ನೊಂದು ತುದಿಗೆ ಹೋದ ಹಾಗೆ.

ಹೊಡೆತ, ಬೆದರಿಕೆ ಇರುವ ಮನೆಯಾದರೆ ನಾನು ಹೇಳಿದ್ದು ಯಾವುದೂ ಸಾಲದು. ಅಲ್ಲಿ ಎದುರು ನಿಂತು ಬೌಂಡರಿ ಹೇಳುವುದೇ ಅಪಾಯವಾಗಬಹುದು. ಮೊದಲು ಸುರಕ್ಷಿತ ಜಾಗ, ನಂಬುವ ಜನ, ಕಾನೂನಿನ ನೆರವು. ಹಾಗೆಯೇ, ಕಣ್ಣು ಮುಚ್ಚಿ ಕೂತಾಗ ಹಳೆಯ ಆಘಾತದ ನೆನಪುಗಳು ನುಗ್ಗಿ ಬಂದರೆ ಬಲವಂತ ಮಾಡಬೇಡಿ. ಕಣ್ಣು ತೆರೆಯಿರಿ, ಸುತ್ತ ಕಾಣುವ ವಸ್ತುಗಳನ್ನು ನೋಡಿ, ಅಭ್ಯಾಸ ನಿಲ್ಲಿಸಿ, ಒಬ್ಬ ಥೆರಪಿಸ್ಟ್ ಜೊತೆ ಸೇರಿ ಮುಂದುವರಿಸಿ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ 'ಅಕ್ಕ ಬೇಜಾರು ಮಾಡಿಕೊಂಡರೆ?' ಅಂತಿದೆ. ಮಾಡಿಕೊಳ್ಳುತ್ತಾರೆ. ಆಗ ಅವರನ್ನು ಬಿಟ್ಟು ಓಡಬೇಕಿಲ್ಲ, ಕೂಡಲೇ ಸರಿಮಾಡಲೂ ಬೇಕಿಲ್ಲ. "ಬೇಜಾರಾಗಿದೆ ಅಂತ ಗೊತ್ತು ಅಕ್ಕಾ. ಹೇಳು, ಕೇಳ್ತೀನಿ" ಅನ್ನಿ, ಕೇಳಿ, ಉತ್ತರ ಮಾತ್ರ ಬದಲಾಯಿಸಬೇಡಿ. ಶುರು ಮಾಡುವಾಗ ದುಡ್ಡಿನ ವಿಷಯ ಹಿಡಿಯಬೇಡಿ, ಅದು ತುಂಬಾ ಭಾರ. ಯಾವಾಗ ಫೋನ್ ಎತ್ತುತ್ತೀರಿ, ಎಷ್ಟು ಹೊತ್ತು ಮಾತಾಡುತ್ತೀರಿ ಅನ್ನುವಂಥ ಚಿಕ್ಕದನ್ನು ಹಿಡಿಯಿರಿ. ರಾತ್ರಿ ಮಲಗುವ ಹೊತ್ತಾದ ಮೇಲೆ ಫೋನ್ ಬಂದರೆ ಬೆಳಿಗ್ಗೆ ನಾನೇ ಮಾಡ್ತೀನಿ ಅಂತ ಅಕ್ಕನಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ನೀವೇ ಮಾಡಿ. ಅದು ಸಲೀಸಾದ ಮೇಲೆ ದುಡ್ಡಿನ ಮಾತಿಗೆ ಬನ್ನಿ.