ಕೊರೊನಾದಂಥ ಕಾಲ ಮತ್ತೆ ಬಂದರೆ ಊರಿನ ಅಂಗಡಿಗಳಿಗೂ ಅಕ್ಕಪಕ್ಕದವರಿಗೂ ಹೇಗೆ ನೆರವಾಗುವುದು?

ಬೆಂಗಳೂರಿಂದ ಬಂದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಮನೆ ಮಾಡಿದ್ದೀರಿ, ಕೊರೊನಾದಂಥದ್ದು ಮತ್ತೆ ಬಂದರೆ ಇಲ್ಲಿನವರಿಗೆ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಇದೇ ಕಡೆಯವಳು, ನಮ್ಮದು ಸಣ್ಣ ಕಾಫಿ ತೋಟ. ನನ್ನನ್ನು ಕೇಳಿದರೆ, ಮೊದಲು ಕೊಡಬೇಕಾದ ದುಡ್ಡನ್ನು ಬೇಗ ಕೊಡಿ. ದಾನದ ಮಾತು ಆಮೇಲೆ.

ಇಲ್ಲಿ ದುಡ್ಡು ಓಡಾಡುವುದೇ ತೋಟದ ಬಟವಾಡೆಯಿಂದ. ವಾರದ ಕೂಲಿ ಕೈಗೆ ಬಂತು ಅಂದರೆ ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರು, ಸಂತೆಗೆ ಹೊರಡುತ್ತಾರೆ. ತರಕಾರಿ, ಒಣಮೀನು, ಮಕ್ಕಳಿಗೆ ಚಪ್ಪಲಿ, ಎಲ್ಲ ಅಲ್ಲೇ. ದಿನಸಿ ಅಂಗಡಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಇರುತ್ತದೆ, ಒಂದೊಂದು ಮನೆಗೆ ಒಂದೊಂದು ಹಾಳೆ. ದುಡ್ಡು ಕೊಟ್ಟ ದಿನ ಹಳೇ ಬಾಕಿ ಮೇಲೆ ಗೆರೆ ಎಳೆದು, ಕೆಳಗೆ ಹೊಸ ಲೆಕ್ಕ ಬರೆಯುತ್ತಾರೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ಕರಿಮೆಣಸು ಕೊಯ್ಯುವ ಸಮಯ. ಸಂತೆ ನಿಂತಿತು, ಬಸ್ಸು ನಿಂತಿತು. ಹೊರಗಿನಿಂದ ಬಂದ ಕೆಲಸದವರು ಇಲ್ಲೇ ಸಿಕ್ಕಿಹಾಕಿಕೊಂಡರು. ಅಂಗಡಿಯವರು ಬರೆದುಕೊಂಡು ಅಕ್ಕಿ ಬೇಳೆ ಕೊಡುತ್ತಲೇ ಇದ್ದರು. ಆದರೆ ಅವರಿಗೆ ಮಾಲು ಕಳಿಸುವವರು ನಗದೇ ಬೇಕು ಅಂದರು. ಎಷ್ಟು ದಿನ ಅಂತ ತಡೆದುಕೊಳ್ಳುತ್ತಾರೆ ಪಾಪ? ಆಗ ನಮ್ಮ ಕಡೆ ಕೈಯಲ್ಲಿ ಸ್ವಲ್ಪ ದುಡ್ಡಿದ್ದ ಮನೆಯವರು ಬಾಕಿ ತೀರಿಸಿ, ಮುಂದಿನ ತಿಂಗಳ ಸಾಮಾನಿಗೂ ಮುಂಗಡ ಕೊಟ್ಟರು. ಅಂಗಡಿಗೆ ಮಾಲು ಬಂತು. ಕೊಡಲಾಗದವರ ಮನೆಯಲ್ಲೂ ಒಲೆ ಉರಿಯಿತು. ಯಾರೂ ಕೈಚಾಚಬೇಕಾಗಲಿಲ್ಲ, ಅದು ನನಗೆ ತುಂಬಾ ಮುಖ್ಯ.

ನಿಮ್ಮ ಮನೆಗೆಲಸದವರಿಗೂ ಹಾಗೇ. ಬರಬೇಡಿ ಅಂದ ದಿನಗಳ ಸಂಬಳ ಹಿಡಿಯಬೇಡಿ.

ಹೋಂಸ್ಟೇಯವರಿಗೆ 2018ರಲ್ಲಿ ಭೂಕುಸಿತ, 2019ರಲ್ಲಿ ಮತ್ತೆ ಮಳೆ, ಅದರ ಬೆನ್ನಿಗೇ ಕೊರೊನಾ. ಅಲ್ಲಿ ಬುಕ್ ಮಾಡಿದ ನೆಂಟರಿಷ್ಟರಿದ್ದರೆ ದುಡ್ಡು ವಾಪಸ್ ಕೇಳುವ ಬದಲು ದಿನ ಮುಂದಕ್ಕೆ ಹಾಕಿಸಲು ಹೇಳಿ. ಹೋಂಸ್ಟೇಯವರ ಜೇನು, ಕಾಫಿಪುಡಿ, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ) ಕೊಳ್ಳಿ.

ಓದುಬರಹ ಬಲ್ಲವರು ಅರ್ಜಿ ತುಂಬಿಕೊಡುವುದೂ ದೊಡ್ಡ ಸಹಾಯ. 2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಬಂತು, ಪಟ್ಟಣದ ಬೀದಿಬದಿ ವ್ಯಾಪಾರಿಗಳಿಗೆ ಅಡಮಾನ ಇಲ್ಲದೆ ಆಗ 10,000 ರೂಪಾಯಿವರೆಗೆ ಸಾಲ ಕೊಡುತ್ತಿದ್ದರು. ತಳ್ಳುಗಾಡಿಯವರಿಗೆ ಇಂಥದ್ದೊಂದು ಇದೆ ಅಂತ ಹೇಳಿ, ಮೊಬೈಲ್‌ನಲ್ಲಿ ಅರ್ಜಿ ಹಾಕಿಕೊಡಲು ಪಕ್ಕದಲ್ಲಿ ಯಾರಾದರೂ ಬೇಕಲ್ವಾ?

ಇನ್ನು ಅಕ್ಕಪಕ್ಕದವರ ವಿಷಯ. ಇಲ್ಲಿ ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ದೊಡ್ಡ ಮನೆಯಲ್ಲಿ ವಯಸ್ಸಾದವರಿಬ್ಬರೇ ಇರುವುದು ಜಾಸ್ತಿ. ಅವರ ಬಿಪಿ, ಶುಗರ್ ಮಾತ್ರೆ ಯಾವತ್ತು ಮುಗಿಯುತ್ತದೆ ಅಂತ ಕೇಳಿಟ್ಟುಕೊಳ್ಳಿ. ಜೀಪು ಇರುವವರೊಬ್ಬರು ಎಲ್ಲರ ಚೀಟಿ ಹಿಡಿದು ಪೇಟೆಗೆ ಹೋಗಿ ಬರಲಿ. ನಾಲ್ಕೈದು ಮನೆ ಸೇರಿ ಒಂದು ಆಕ್ಸಿಮೀಟರ್ ಇಟ್ಟುಕೊಳ್ಳಿ, ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುತ್ತದೆ. ಕೊರೊನಾ ರೋಗಿಗೆ 94ಕ್ಕಿಂತ ಕೆಳಗೆ ತೋರಿಸಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎಸ್ಟೇಟ್ ಒಳಗಿನ ಮನೆಗೆ ಆಂಬುಲೆನ್ಸ್‌ನವರಿಗೆ ದಾರಿ ಸಿಗುವುದಿಲ್ಲ, ಮುಖ್ಯರಸ್ತೆಗೆ ಒಬ್ಬರು ಬಂದು ನಿಲ್ಲಬೇಕು.

ಕಾಯಿಲೆ ಬಂದ ಮನೆಯವರ ಹೆಸರನ್ನು ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆಗ ಕೈಗೆ ಮುದ್ರೆ ಹೊಡೆದು, ಬಾಗಿಲಿಗೆ ನೋಟಿಸ್ ಅಂಟಿಸುತ್ತಿದ್ದರು. ಕಾಯಿಲೆಗಿಂತ ಆ ನೋಟಿಸಿಗೇ ಹೆದರಿ ಜ್ವರ ಮುಚ್ಚಿಟ್ಟವರಿದ್ದಾರೆ. ಗೇಟಿನ ಹತ್ತಿರ ಗಂಜಿ ಇಟ್ಟು, ಸಂಜೆ ಸುಮ್ನೆ ಒಂದು ಫೋನ್ ಮಾಡಿ ಮಾತಾಡಿ.

ಒಂದು ವೇಳೆ ಇದೆಲ್ಲ ಮಳೆಗಾಲದಲ್ಲಿ ಬಂದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ನಿಮ್ಮಲ್ಲಿ ಯುಪಿಎಸ್ ಇದ್ದರೆ ಪಕ್ಕದವರ ಫೋನ್ ಚಾರ್ಜ್ ಮಾಡಿಕೊಡಿ. ಆಶಾ ಕಾರ್ಯಕರ್ತೆ, ಮೆಡಿಕಲ್ ಶಾಪ್, ಜೀಪಿನವರ ನಂಬರನ್ನು ಈಗಲೇ ಕಾಗದದಲ್ಲಿ ಬರೆದು, ಅಕ್ಕಪಕ್ಕದ ಮನೆಗಳಿಗೂ ಒಂದೊಂದು ಪ್ರತಿ ಕೊಟ್ಟು ಬನ್ನಿ.