ಮಗಳು ಪಕ್ಷ ಸೇರಿದಳು: ಮುಂಬಯಿಯ ಭಾಂಡುಪಿನ ತಾಯಿಯೊಬ್ಬರ ಪತ್ರಕ್ಕೆ ಉತ್ತರ

ಮಾನ್ಯ ಸಹೋದರಿಯವರಿಗೆ ನಮಸ್ಕಾರಗಳು.

ತಮ್ಮ ನಾಲ್ಕು ಪುಟಗಳ ಪತ್ರ ತಲುಪಿತು. ತಾವು ಕೋರಿದಂತೆ ತಮ್ಮ ಹೆಸರನ್ನೂ ಪಕ್ಷದ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ಉಳಿದ ಓದುಗರಿಗಾಗಿ ಪತ್ರದ ಸಾರವಿಷ್ಟು: ಸಿ.ಎ. ಪರೀಕ್ಷೆಗೆ ಓದುತ್ತಿದ್ದ ತಮ್ಮ 23 ವರ್ಷದ ಮಗಳು, ತಾವಿರುವ ಚಾಳಿನ (ಸಾಲುಮನೆಗಳ ವಠಾರದ) ಕೆಲವು ವೃದ್ಧರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದಾಗ ಅವರಿಗೆ ಅರ್ಜಿ ತುಂಬಿಕೊಡಲು ಹೊರಟವಳು, 2024ರ ವಿಧಾನಸಭಾ ಚುನಾವಣೆಯ ದಿನ ಒಂದು ಪಕ್ಷದ ಏಜೆಂಟ್ ಆಗಿ ಮತಗಟ್ಟೆಯಲ್ಲಿ ಕುಳಿತಳು. ಈಗ ಆ ಪಕ್ಷ ವಾರ್ಡಿನ ಯುವ ಘಟಕವನ್ನೇ ಅವಳಿಗೆ ಒಪ್ಪಿಸಿದೆ. "ಹೋಟೆಲಿನಲ್ಲಿ ದುಡಿದು ಮಕ್ಕಳನ್ನು ಓದಿಸಿದ ನಮ್ಮಂಥವರಿಗೆ, ಅದೂ ಪರಭಾಷೆಯ ಊರಿನಲ್ಲಿ, ಇದು ಸಲ್ಲುವ ದಾರಿಯೇ? ತಡೆಯಲೇ?" ಎಂದು ಕೇಳಿದ್ದೀರಿ.

ತಡೆಯಬೇಡಿ. ಆದರೆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಅದನ್ನು ಮುಂದೆ ಹೇಳುತ್ತೇನೆ.

ಪರಭಾಷೆಯ ಊರು ಎಂಬ ಅಳುಕು ನನಗೆ ಅರ್ಥವಾಗುತ್ತದೆ. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದ್ದ ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್ ಅದನ್ನು ಬಿಟ್ಟು 1949ರಲ್ಲಿ ಮುಂಬಯಿಗೆ ಬಂದಾಗ, ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ, ಆಮೇಲೆ ಬಂದರು ಮತ್ತು ಹೋಟೆಲ್ ಕಾರ್ಮಿಕರ ಸಂಘಟನೆ, 1961ರಲ್ಲಿ ಮಹಾನಗರಪಾಲಿಕೆ. 1967ರ ಲೋಕಸಭಾ ಚುನಾವಣೆಯಲ್ಲಿ ಅವರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಪ್ರಬಲ ಕಾಂಗ್ರೆಸ್ ನಾಯಕರನ್ನು ಸೋಲಿಸಿದಾಗ ಇಡೀ ದೇಶ ತಿರುಗಿ ನೋಡಿತು. ಎಲ್ಲರೂ ಫರ್ನಾಂಡಿಸ್ ಆಗುವುದಿಲ್ಲ, ತಮ್ಮ ಮಗಳು ಆಗಲೇಬೇಕೆಂದೂ ಇಲ್ಲ. ಆದರೆ ಅವರನ್ನು ಈ ಊರು ಒಪ್ಪಿಕೊಂಡದ್ದು ದುಡಿಯುವವರ ಕಷ್ಟವನ್ನು ಅವರದೇ ಓಣಿಗಳಲ್ಲಿ ನಿಂತು ಕೇಳಿದ್ದಕ್ಕಾಗಿ ಎಂಬುದನ್ನು ಗಮನಿಸಿ.

ಅವಳು ಮಾಡಿದ ಕೆಲಸ ಸಣ್ಣದೆಂದು ತಾವು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪಲಾರೆ. ಬಿಟ್ಟುಹೋದ ಹೆಸರಿಗೆ ನಮೂನೆ 6, ತಪ್ಪು ವಿವರಕ್ಕೆ ನಮೂನೆ 8 ತುಂಬಿಸಿ, ವಿಳಾಸದ ದಾಖಲೆ ಹುಡುಕಿ, ಕಚೇರಿಗೆ ಅಲೆದು ಒಬ್ಬ ಮುದುಕನಿಗೆ ಮತ ಹಾಕುವಂತೆ ಮಾಡುವುದು ಭಾಷಣಕ್ಕಿಂತ ಕಠಿಣವಾದ ಕೆಲಸ. ಮತಗಟ್ಟೆಯ ಏಜೆಂಟರು ಮತದಾನಕ್ಕೆ ಬಹಳ ಮೊದಲೇ ಬಂದು ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುವ ಅಣಕು ಮತದಾನವನ್ನು ಕಣ್ಣಾರೆ ನೋಡಬೇಕು. ಸಂಜೆ ಎಷ್ಟು ಮತ ಬಿದ್ದವೆಂಬ ಲೆಕ್ಕದ 17-ಸಿ ನಮೂನೆಯ ಪ್ರತಿಯನ್ನು ಕೇಳಿ ಪಡೆಯಬೇಕು. ಲೆಕ್ಕ ಕಲಿತ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ಇನ್ನು ತಮ್ಮ ಭಯದಲ್ಲಿ ನಿಜವಿರುವ ಭಾಗ. ಮುಂಬಯಿ ಪಾಲಿಕೆಯ 227 ವಾರ್ಡುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. 21 ತುಂಬಿದವರು ಸ್ಪರ್ಧಿಸಬಹುದು. ಹೀಗಾಗಿ ಎಲ್ಲ ಪಕ್ಷಗಳಿಗೂ ವಾರ್ಡು ಬಲ್ಲ ಹುಡುಗಿಯರು ಬೇಕು. ಆದರೆ ಯಾವ ವಾರ್ಡು ಯಾರಿಗೆ ಮೀಸಲೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ವರ್ಷಗಟ್ಟಲೆ ದುಡಿದವರ ವಾರ್ಡು ಒಂದೇ ಮಧ್ಯಾಹ್ನದಲ್ಲಿ ಕೈತಪ್ಪಬಹುದು, ಮೀಸಲಾದರೂ ಟಿಕೆಟ್ ಯಾರದೋ ಸೊಸೆಗೆ ಹೋಗಬಹುದು. 2022ರಲ್ಲಿ ಶಿವಸೇನೆ, ಮರುವರ್ಷ ರಾಷ್ಟ್ರವಾದಿ ಕಾಂಗ್ರೆಸ್ ಒಡೆದಾಗ ಶಾಸಕರಿಗೆ ವಕೀಲರೂ ನ್ಯಾಯಾಲಯವೂ ಇದ್ದವು. ನಿನ್ನೆಯವರೆಗೆ ಒಟ್ಟಿಗೆ ಚಹಾ ಕುಡಿದವರಲ್ಲಿ ಯಾರ ಜೊತೆ ನಿಲ್ಲಬೇಕೆಂದು ತಿಳಿಯದೆ ನಿಂತ ಸಾಮಾನ್ಯ ಕಾರ್ಯಕರ್ತನಿಗೆ ಯಾವ ಕಾನೂನೂ ಇರಲಿಲ್ಲ.

ಆದ್ದರಿಂದ ಹಟ ಹಿಡಿಯಬೇಕಾದದ್ದು ಸಿ.ಎ. ಓದಿನ ವಿಷಯದಲ್ಲಿ. ವಾರ್ಡಿನ ಹೊಣೆಗೆ ಸಂಬಳವಿರುವುದಿಲ್ಲ, ಓಡಾಟದ ಖರ್ಚು ಮಾತ್ರ ನಿಲ್ಲುವುದಿಲ್ಲ. ಅನ್ನಕ್ಕಾಗಿ ನಾಯಕರ ಮುಖ ನೋಡಬೇಕಾದವರು ಅವರಿಗೆ "ಇದು ತಪ್ಪು" ಎನ್ನುವುದು ಬಲು ಕಷ್ಟ. ವಾರದಲ್ಲಿ ಎಷ್ಟು ದಿನ ಓದು, ಎಷ್ಟು ದಿನ ವಾರ್ಡು ಎಂಬುದನ್ನು ತಾವು, ತಮ್ಮ ಯಜಮಾನರು, ಮಗಳು ಮೂವರೂ ಕುಳಿತು ಗೊತ್ತುಮಾಡಿಕೊಳ್ಳಿ.

ಮತ್ತೊಂದು ವಿನಂತಿ. ಅವಳು ತಡವಾಗಿ ಮನೆಗೆ ಬಂದ ರಾತ್ರಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಮೊದಲು ಬಡಿಸಿ, ಅವಳ ಚೀಲದಲ್ಲಿರುವ ಮತದಾರರ ಪಟ್ಟಿಯನ್ನು ತೋರಿಸೆನ್ನಿ. ಆ ಚಾಳಿನಲ್ಲಿ ತಾವು ಅವಳಿಗಿಂತ ಹೆಚ್ಚು ವರ್ಷ ಬಾಳಿದವರು. ಯಾವ ಮನೆಯವರು ಊರಿಗೆ ಮರಳಿದರು, ಯಾವ ಮನೆಗೆ ಹೊಸ ಸೊಸೆ ಬಂದಳು ಎಂಬುದು ತಮಗೇ ಚೆನ್ನಾಗಿ ಗೊತ್ತು; ಅವಳಿಗೆ ಅದು ಬೇಕಾಗಿದೆ.

ಸಂಪಾದಕ