ಉ: ಲೆಕ್ಕ ಬರುತ್ತದೆ, ವಾಕ್ಯದ ಸಮಸ್ಯೆ ಬರುವುದಿಲ್ಲ

ಕೂಡುವುದು, ಕಳೆಯುವುದು ಚೆನ್ನಾಗಿ ಬರುವ ಮಗಳು ವಾಕ್ಯರೂಪದ ಸಮಸ್ಯೆಗಳಲ್ಲಿ ಮಾತ್ರ ಏಕೆ ಎಡವುತ್ತಾಳೆ ಎಂದು ಕೇಳಿದ್ದೀರಿ. ನನ್ನ ಅಂದಾಜಿನಲ್ಲಿ ತೊಂದರೆ ಇರುವುದು ಗಣಿತದಲ್ಲಲ್ಲ, ಓದಿನಲ್ಲಿ. ‘ಮೊದಲ ಪೆಟ್ಟಿಗೆಯಲ್ಲಿ 36 ಚೆಂಡುಗಳಿವೆ, ಇದು ಎರಡನೆಯದಕ್ಕಿಂತ 8 ಹೆಚ್ಚು, ಎರಡನೆಯದರಲ್ಲಿ ಎಷ್ಟಿವೆ?’ ಎಂಬ ಪ್ರಶ್ನೆಯನ್ನು ಕೊಟ್ಟು ನೋಡಿ. ‘ಹೆಚ್ಚು’ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಅನೇಕ ಮಕ್ಕಳು ಕೂಡಿಸಿ 44 ಎಂದು ಬರೆಯುತ್ತಾರೆ, ಸರಿಯುತ್ತರ 28. ‘ಹೆಚ್ಚು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ’ ಎಂಬ ಸುಲಭೋಪಾಯವನ್ನು ಕಲಿಸುವುದರಿಂದಲೇ (ನಾನೂ ಒಂದು ಕಾಲಕ್ಕೆ ಹಾಗೆಯೇ ಕಲಿಸುತ್ತಿದ್ದೆ) ಈ ತಪ್ಪು ಬೇರೂರುತ್ತದೆ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಸಮಸ್ಯೆಯನ್ನು ಅವಳದೇ ಮಾತಿನಲ್ಲಿ ಹೇಳಿಸಿ, ಪ್ರತಿ ಪೆಟ್ಟಿಗೆಗೆ ಒಂದರಂತೆ ಎರಡು ಅಡ್ಡ ಪಟ್ಟಿಗಳನ್ನು ಒಂದರ ಕೆಳಗೊಂದು ಎಳೆಸಿ, ಯಾವುದು ಉದ್ದ ಎಂದು ಕೇಳಿ. ಉತ್ತರ ಬಂದ ಮೇಲೆ ಅದನ್ನು ಪ್ರಶ್ನೆಯೊಳಗೇ ಇಟ್ಟು ಓದಿಸಿ: 44ಕ್ಕಿಂತ 36 ಹೆಚ್ಚೇ? ತಪ್ಪು ಅವಳಿಗೇ ಕಾಣುತ್ತದೆ. ಗಂಟೆ-ನಿಮಿಷ, ಮೀಟರ್-ಸೆಂಟಿಮೀಟರ್ ಬೆರೆತ ಲೆಕ್ಕಗಳಲ್ಲಿ ಮಾನಗಳನ್ನು ಮೊದಲೇ ಒಂದಾಗಿಸಿಕೊಳ್ಳಲಿ. ದಿನಕ್ಕೆ ಮೂರು ಸಮಸ್ಯೆಗಳು ಸಾಕು; ಆದರೆ ಒಂದೇ ಬಗೆಯ ಮೂರನ್ನು ಕೊಡಬೇಡಿ, ಏಕೆಂದರೆ ಎರಡನೆಯದಕ್ಕೆ ಬರುವಷ್ಟರಲ್ಲಿ ಅವಳು ಓದುವುದನ್ನೇ ಬಿಟ್ಟಿರುತ್ತಾಳೆ.